ನೆಲ ನೋಡಿಕೊಂಡು ಬರೆದ ಪುಸ್ತಕ

ಕಳೆದ ಶನಿವಾರ ನಮ್ಮೂರ ಶಾಲೆಯ ಅಂಗಳದಲ್ಲಿ ನನ್ನ 12ನೆಯ ಮಕ್ಕಳ ಪುಸ್ತಕ ಬಿಡುಗಡೆಯಾಯಿತು. ನಾನು ಎರಡು ಮಾತು ಆಡಿ ಕೂತುಬಿಟ್ಟೆ. ಗಂಟಲು ಕಟ್ಟಿತ್ತು. 18 ವರ್ಷದಿಂದ ಧಾರಾವಾಹಿಗೆ ಪುಟಗಟ್ಟಲೆ ಅಳುವ ಡೈಲಾಗ್ ಬರೆದವಳಿಗೆ ತನ್ನ ಸರದಿ ಬಂದಾಗ ಒಂದು ವಾಕ್ಯ ಸಿಗಲಿಲ್ಲ ನೋಡಿ. ಅಲ್ಲಿ ಹೇಳಬೇಕಾಗಿದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೋದ ವರ್ಷ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಮಳೆಗಾಲದಲ್ಲಿ, ಬಲಗಣ್ಣಿನೊಳಗೆ ಮಿಂಚು ಹೊಡೆದ ಹಾಗೆ, ನುಸಿ ಹಾರಿದ ಹಾಗೆ ಆಗತೊಡಗಿತು. ನಿದ್ದೆಗೆಟ್ಟದ್ದಕ್ಕೆ ಇರಬೇಕು ಅಂತ ಸುಮ್ನಿದ್ದೆ. (ನೀವು ಸುಮ್ನಿರಬೇಡಿ.) ಮೊದಲು ತೋರಿಸಿದ ಕಡೆ ಹನಿ ಮದ್ದು ಕೊಟ್ಟು ಕಳಿಸಿದರು. ಎರಡು ದಿನ ಹಾಗೇ ಹೋಯಿತು. ಮೂರನೆಯ ಬೆಳಿಗ್ಗೆ ಕಣ್ಣಿನ ಮೂಲೆಯಲ್ಲಿ ಕಪ್ಪು ಪರದೆ ಇಳಿದಿತ್ತು. ನೆರೆಮನೆಯ ಹುಡುಗ ಬಾಡಿಗೆ ಕಾರು ಓಡಿಸುತ್ತಾನೆ. ಜಡಿಮಳೆಯಲ್ಲಿ ಕೇರಳದ ಕಾಸರಗೋಡು ಜಿಲ್ಲೆಯ ನಮ್ಮೂರು ಬದಿಯಡ್ಕದಿಂದ ಕುಂಬಳೆ, ಅಲ್ಲಿಂದ ಹೆದ್ದಾರಿ ಕೆಲಸದ ಕೆಸರು ದಾಟಿ ಮಂಗಳೂರಿಗೆ ಮುಟ್ಟಿಸಿದ. ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟುವಾಗ 2020 ನೆನಪಾಯಿತು. ಆಗ ಕೊರೊನಾ ಅಂತ ಗಡಿ ಮುಚ್ಚಿ ನಮ್ಮ ಕಡೆಯ ರೋಗಿಗಳು ಅಲ್ಲೇ ಬಾಕಿಯಾಗಿದ್ದರು. ನಮಗೆ ಆಸ್ಪತ್ರೆ ಅಂದರೆ ಮಂಗಳೂರೇ ಅಲ್ವಾ? ಅವನು ಬಾಡಿಗೆ ತೆಗೆದುಕೊಳ್ಳಲಿಲ್ಲ. ಮೊದಲ ನಮಸ್ಕಾರ ಅವನಿಗೆ.

ರೆಟಿನಾ, ಅಂದರೆ ಕಣ್ಣೊಳಗೆ ಚಿತ್ರ ಮೂಡುವ ಪದರ, ಕಳಚಿಕೊಂಡಿತ್ತು. ಆಪರೇಷನ್ ಮಾಡಿ ಕಣ್ಣೊಳಗೆ ಗ್ಯಾಸ್ ತುಂಬಿದರು. ಆ ಗುಳ್ಳೆ ಮೇಲಕ್ಕೆ ಹೋಗಿ ರೆಟಿನಾವನ್ನು ಒತ್ತಿ ಹಿಡಿಯಬೇಕು. ರೆಟಿನಾ ಇರುವುದು ಕಣ್ಣಿನ ಹಿಂಬದಿಯಲ್ಲಿ. ಹಾಗಾಗಿ ನಾನು ಮುಖ ಕೆಳಗೆ ಮಾಡಿಯೇ ಇರಬೇಕು. ಹತ್ತು ದಿನ, ಉಣ್ಣುವಾಗಲೂ, ಮಲಗುವಾಗಲೂ. ಗ್ಯಾಸ್ ಕರಗುವ ತನಕ ವಿಮಾನ ಇಲ್ಲ, ಘಾಟಿ ಹತ್ತುವುದೂ ಇಲ್ಲ. ಎತ್ತರಕ್ಕೆ ಹೋದರೆ ಗುಳ್ಳೆ ಉಬ್ಬುತ್ತದೆ. ಅಂದರೆ ಬೆಂಗಳೂರು ಬಂದ್.

ಧಾರಾವಾಹಿ ಬಂದ್ ಆಗುವುದಿಲ್ಲವಲ್ಲ. ಅರ್ಧ ಗಂಟೆಯಲ್ಲಿ ಜಾಹೀರಾತು ಕಳೆದರೆ ಸುಮಾರು 22 ನಿಮಿಷದ ಕಥೆ, ಅದು ದಿನಾ ಬೇಕು. ನಾಳೆಯ ಶೂಟಿಂಗಿನ ಡೈಲಾಗ್ ಇವತ್ತು ರಾತ್ರಿ ಸೆಟ್ಟಿಗೆ ಮುಟ್ಟಬೇಕು. ಬ್ಯಾಂಕಿಂಗ್, ಅಂದರೆ ಮೊದಲೇ ತಯಾರು ಮಾಡಿ ಇಟ್ಟದ್ದು, ಇದ್ದದ್ದು ನಾಲ್ಕೇ ಎಪಿಸೋಡ್. ಬರೆಯುವವಳ ಕಣ್ಣು ಕೆಟ್ಟಿತು ಅಂತ ಗುರುವಾರ ಬರುವ ಟಿಆರ್‌ಪಿ, ಎಷ್ಟು ಜನ ನೋಡಿದರು ಎಂಬ ಲೆಕ್ಕ, ಕಾಯುತ್ತದಾ? ನನ್ನನ್ನು ಬದಲಾಯಿಸಬಹುದಿತ್ತು. ನಿರ್ದೇಶಕರು, "ಅಕ್ಕಾ, ನೀವು ಬಾಯಲ್ಲಿ ಹೇಳಿ, ಯಾರಾದರೂ ಬರೆದುಕೊಳ್ಳಲಿ" ಎಂದರು. ಜೊತೆಗಾರರೊಬ್ಬರು ಒಂಬತ್ತು ಎಪಿಸೋಡ್ ತಾವೇ ಬರೆದು ಟೈಟಲ್ ಕಾರ್ಡಿನಲ್ಲಿ ನನ್ನ ಹೆಸರನ್ನೇ ಬಿಟ್ಟರು. ನಮ್ಮ ಫೀಲ್ಡಿನಲ್ಲಿ ಇದೇನು ಸಣ್ಣ ವಿಷಯ ಅಲ್ಲ. ತಮ್ಮ ಹೆಸರು ಎಲ್ಲೂ ಹಾಕಬಾರದು ಎಂದು ಹಟ ಹಿಡಿದಿದ್ದಾರೆ, ಇಲ್ಲದಿದ್ದರೆ ಇಲ್ಲಿ ದಪ್ಪಕ್ಷರದಲ್ಲಿ ಹಾಕುತ್ತಿದ್ದೆ.

ಉಳಿದದ್ದನ್ನು ಬರೆದುಕೊಂಡವಳು ಪ್ಲಸ್ ಟು ಓದುವ ನಾದಿನಿಯ ಮಗಳು. ನಾನು ಮಂಚದ ಅಂಚಿನಿಂದ ತಲೆ ಇಳಿಬಿಟ್ಟು ಕಾವಿ ನೆಲಕ್ಕೆ ಡೈಲಾಗ್ ಹೇಳುವುದು. ಅವಳು ಕೆಳಗೆ ಕೂತು ಮೊಬೈಲಿನಲ್ಲಿ ಒತ್ತುವುದು. ಒಂದು ದಿನ ಸೊಸೆ ಅತ್ತೆಗೆ ಎದುರು ಮಾತಾಡುವ ಸೀನು. ಗಂಜಿ ತಂದ ನನ್ನ ಅತ್ತೆ ಬಾಗಿಲಲ್ಲೇ ನಿಂತು ಪೂರಾ ಕೇಳಿ, "ಇದು ಟಿವಿಗೋ, ನನಗೋ?" ಎಂದರು. ಹತ್ತು ದಿನ ನನಗೆ ತಲೆ ಎತ್ತದ ಹಾಗೆ ಉಣಿಸಿದವರು ಅವರೇ.

ಎಡಗಣ್ಣಿಗೆ ಕಾಣುತ್ತಿದ್ದದ್ದು ನೆಲ ಮಾತ್ರ. ಅಲ್ಲೊಂದು ಬಿರುಕು, ಬಿರುಕಿನಿಂದ ಹೊರಟ ಇರುವೆ ಸಾಲು. ಒಂದು ಇರುವೆ ಅವಲಕ್ಕಿ ಚೂರು ಎಳೆದುಕೊಂಡು ಹಿಂದೆ ಹಿಂದೆ ನಡೆಯುತ್ತಾ ಬಿರುಕಿನೊಳಗೆ ಇಳಿಯಿತು. ನನಗೆ ನಮ್ಮ ಗುಡ್ಡದ ಸುರಂಗ ನೆನಪಾಯಿತು. ನೀರಿಗಾಗಿ ಕೆಂಪುಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆಯುತ್ತಾರಲ್ಲ, ಅದೇ. ಹಾಗೆ ಶುರುವಾದದ್ದು ಈ ಪುಸ್ತಕ: ಸುರಂಗ ಕೊರೆಯುವ ಇರುವೆಯ ಕಥೆ. ಕಣ್ಣು ಸುಧಾರಿಸಿದ ಮೇಲೆ ಊರಿನ ಹಿರಿಯ ಸುರಂಗ ಕೆಲಸದವರ ಹತ್ತಿರ ಕೂತೆ. ಒಬ್ಬ ಕೂತಲ್ಲೇ ಅಗೆಯುವುದು, ಇನ್ನೊಬ್ಬ ಮಣ್ಣು ಹೊರಗೆ ಸಾಗಿಸುವುದು, ಜೊತೆಗೆ ಒಂದು ಮೊಂಬತ್ತಿ. "ಮೊಂಬತ್ತಿ ನಂದಿದರೆ ಕೆಲಸ ಬಿಟ್ಟು ಹೊರಗೆ ಬರಬೇಕು, ಒಳಗೆ ಗಾಳಿ ಇಲ್ಲ ಅಂತ ಲೆಕ್ಕ" ಎಂದರು. ನನ್ನ ಇರುವೆಯ ಕೈಗೂ ಮೊಂಬತ್ತಿ ಬಂತು.

ಶಾಲೆಯ ಮಾಷ್ಟ್ರು ಕರಡನ್ನು ನಾಲ್ಕನೆಯ ಕ್ಲಾಸಿಗೆ ಓದಿ ಹೇಳಿದರು. ಕಲಿಯುವುದು ಕನ್ನಡದಲ್ಲಾದರೂ ಆ ಮಕ್ಕಳ ಮನೆಮಾತು ತುಳು, ಮಲಯಾಳ, ಮರಾಠಿ, ಕೊಂಕಣಿ, ಹವ್ಯಕ. ಎರಡನೆಯ ಪುಟಕ್ಕೇ ಒಬ್ಬ ಹುಡುಗ ಕೈ ಎತ್ತಿದ. "ಸಾರ್, ಈ ಇರುವೆ ಬೆಂಗಳೂರಿನದ್ದಾ?"

ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಧಾರಾವಾಹಿಗೆ ಬಂದ ಹೊಸದರಲ್ಲಿ "ಮೇಡಂ, 'ಉಂಟು' ಬೇಡ, 'ಇದೆ' ಹಾಕಿ" ಎಂದು ತಿದ್ದುತ್ತಿದ್ದರು. ಆ ಕೆಲಸಕ್ಕೆ ಅದು ಸರಿಯೇ. ಆದರೆ ತಿದ್ದಿ ತಿದ್ದಿ ನನ್ನ ಕಿವಿಯೇ ಬದಲಾಗಿತ್ತು. ನಮ್ಮ ಗುಡ್ಡದ ಇರುವೆ ಸೀರಿಯಲ್ ನಾಯಕನ ಹಾಗೆ ಮಾತಾಡುತ್ತಿತ್ತು! ಇಡೀ ಪುಸ್ತಕ ಮತ್ತೆ ಬರೆದೆ. ಈಗ ಇರುವೆ "ಎಂತ ಸಾವು ಮಾರಾಯ, ಇಲ್ಲಿ ನೀರು ಉಂಟಾ?" ಅನ್ನುತ್ತದೆ.

"ಮಕ್ಕಳ ಪುಸ್ತಕದಲ್ಲಿ ಎಂತ ಸಿಗುತ್ತದೆ ನಿಮಗೆ?" ಅಂತ ಕೇಳುವವರು ಇದ್ದಾರೆ. ದುಡ್ಡಾದರೆ, ನಾಲ್ಕು ಎಪಿಸೋಡಿನಷ್ಟೂ ಇಲ್ಲ. ಆದರೆ ಬದಿಯಡ್ಕದಲ್ಲಿ ಬೆಳೆದವಳಿಗೆ ಆ ಪ್ರಶ್ನೆಯೇ ವಿಚಿತ್ರ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಇದೇ ಊರಲ್ಲಿದ್ದು, ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಎಂಬ ಹೋರಾಟಕ್ಕೂ ಬರೆದರು, ಮಕ್ಕಳಿಗೂ ಪದ್ಯ ಬರೆದರು. 2015ರಲ್ಲಿ ನೂರು ತುಂಬಿಸಿ ಹೋದರು.

ಬಲಗಣ್ಣಿಗೆ ಈಗಲೂ ಗೆರೆ ಡೊಂಕಾಗಿ ಕಾಣುತ್ತದೆ. ಅಡ್ಡಿಲ್ಲ, ಬರೆಯಬಹುದು.

ಬಿಡುಗಡೆಯ ದಿನ ಆ ಹುಡುಗನಿಗೆ ಮೊದಲ ಪ್ರತಿ ಕೊಟ್ಟೆ. ಈಗ ಐದನೆಯಲ್ಲಿದ್ದಾನೆ. ಚಹಾ ಮುಗಿಯುವುದರೊಳಗೆ ಓದಿ ಮುಗಿಸಿ ಬಂದು, "ಟೀಚರ್, ಕೊನೆಗೆ ಸುರಂಗದಲ್ಲಿ ನೀರು ಬಂತಲ್ಲ, ಇರುವೆ ಹೊರಗೆ ಬಂದದ್ದು ಹೇಗೆ?" ಎಂದ.

ನಾನು ಅದನ್ನು ಬರೆದೇ ಇಲ್ಲ. ಎರಡನೆಯ ಮುದ್ರಣಕ್ಕೆ ನೋಡುವ ಎಂದಿದ್ದೇನೆ.