ಶಕುನಿ ಇಲ್ಲದ ನಾಟಕ ಬರಿ

ತಮ್ಮಾ,

ಕೆರಿಬಿಯನ್ ದ್ವೀಪ ಗ್ರೆನಡಾದ ಕ್ರಾಂತಿ ಬಗ್ಗೆ ನೀನು ಬರೆದ ನಾಟಕ ಓದ್ದೆ. ಖುಷಿನೂ ಆಯ್ತು, ಸಿಟ್ಟೂ ಬಂತು. ದೃಶ್ಯ ಎಷ್ಟಿರ್ಬೇಕು, ಲೈಟಿಂಗ್ ಸೂಚನೆ ಹೇಗೆ ಹಾಕ್ಬೇಕು, ಯಾವ ಪ್ರಕಾಶಕರಿಗೆ ಕಳಿಸ್ಲಿ ಅಂತೆಲ್ಲ ಕೇಳಿದೀಯಲ್ಲ, ಅದನ್ನ ಯಾರಾದ್ರೂ ಹೇಳ್ತಾರೆ, ನನ್ನ ತಲೆ ತಿನ್ಬೇಡ. ಆದ್ರೆ ಕೊನೇಲಿ ಸಣ್ಣಕ್ಷರದಲ್ಲಿ ಬರ್ದಿದೀಯ ನೋಡು, ತಂಡ ಒಡೆದು ಎರಡಾಯ್ತು ಸಾರ್, ವಾಟ್ಸಾಪ್ ಗ್ರೂಪಿಂದ ನನ್ನ ತೆಗೆದು ಹಾಕಿದ್ರು, ಇನ್ನು ಬರಿಯೋದೇ ಬೇಡ ಅನ್ಸಿದೆ ಅಂತ, ಅದಕ್ಕೇ ಈ ಪತ್ರ.

ಒಳಜಗಳದಿಂದ ಕ್ರಾಂತಿ ಸತ್ತ ಕಥೆ ಬರೆಯೋನಿಗೆ ತನ್ನದೇ ತಂಡ ಒಡೆದದ್ದು ಅಡ್ಡಿ ಆಗ್ಬಾರ್ದು ಕಣೋ. ನಿಂಗೆ ಯಾವ ಲೈಬ್ರರೀಲೂ ಸಿಗದ ಮಾಲು ಸಿಕ್ಕಿದೆ. ಆದ್ರೆ ನೀನದನ್ನ ಹಾಳು ಮಾಡ್ಕೊಂಡಿದೀಯ, ಹೇಗೆ ಅಂದ್ರೆ ಕ್ರಾಂತಿ ಸರ್ಕಾರದ ಪ್ರಧಾನಿ ಮಾರಿಸ್ ಬಿಷಪ್‌ನ ಧರ್ಮರಾಯ ಮಾಡಿ ಅವನ ಉಪಪ್ರಧಾನಿ ಬರ್ನಾರ್ಡ್ ಕೋರ್ಡ್‌ನ ಶಕುನಿ ಮಾಡಿ ಕೂರಿಸಿದೀಯ. ಅವನು ಬಂದಾಗೆಲ್ಲ ಕೆಂಪು ಲೈಟು, ಕುಹಕದ ನಗು. ಆ ಕೋರ್ಡ್ ಯಾರು ಗೊತ್ತೇನೋ? ಮೇಷ್ಟ್ರು. 1971ರಲ್ಲಿ ಲಂಡನ್ನಲ್ಲಿ ಕೂತು, ವೆಸ್ಟ್ ಇಂಡೀಸಿನಿಂದ ಬಂದೋರ ಮಕ್ಕಳನ್ನ ಬ್ರಿಟಿಷರು ಹೇಗೆ ಬುದ್ಧಿಮಾಂದ್ಯರ ಶಾಲೆಗೆ ತಳ್ತಿದಾರೆ ಅಂತ ಒಂದು ಪುಟ್ಟ ಪುಸ್ತಕ ಬರ್ದು ಇಡೀ ಇಲಾಖೆಯ ನಿದ್ದೆ ಕೆಡಿಸಿದೋನು. ಬಿಷಪ್ಪೂ ಅವನೂ ಹುಡುಗರಾಗಿದ್ದಾಗಿಂದ ಗೆಳೆಯರು, ಇಬ್ರೂ ಸೇರಿ ಯುವಕರ ಸಂಘಟನೆ ಕಟ್ಟಿದೋರು. ಇಷ್ಟು ಒಳ್ಳೆ ಮನುಷ್ಯನ ಪಕ್ಷ ತನ್ನ ಗೆಳೆಯನನ್ನೇ ಗೋಡೆಗೆ ನಿಲ್ಲಿಸಿ ಗುಂಡು ಹೊಡೆಯೋ ಹಂತಕ್ಕೆ ಹೇಗೆ ಬಂತು ಅನ್ನೋದು ನಾಟಕ. ಕೆಟ್ಟೋನು ಕೆಟ್ಟದ್ದು ಮಾಡಿದ ಅನ್ನೋಕೆ ನಾಟಕ ಯಾಕೆ, ಪೋಸ್ಟರ್ ಸಾಕು.

ನಿನ್ನ ಮೊದಲ ಅಂಕ 1979ರ ಮಾರ್ಚ್ 13ಕ್ಕೆ ಮುಗಿಯುತ್ತೆ, ಆಗಿನ ಪ್ರಧಾನಿ ಎರಿಕ್ ಗೇರಿ ದೇಶದಲ್ಲಿಲ್ಲದಾಗ ಬಿಷಪ್, ಕೋರ್ಡ್ ಇಬ್ಬರ ಪಕ್ಷವಾದ ನ್ಯೂ ಜ್ಯೂಯೆಲ್ ಮೂವ್‌ಮೆಂಟ್‌ನೋರು ಅಧಿಕಾರ ಹಿಡಿದಿದ್ದು, ಡ್ರಮ್ಮು, ಕುಣಿತ, ಎಲ್ಲ ಚೆನ್ನಾಗಿದೆ. ಆಮೇಲೆ ಪರದೆ ಎದ್ರೆ ಸೀದಾ 1983ರ ಅಕ್ಟೋಬರ್ 19! ಮಧ್ಯ ಏನಾಯ್ತಪ್ಪ? ನಿಜವಾದ ಕೊಲೆ ನಡೆದಿದ್ದು ಸೆಪ್ಟೆಂಬರಿನ ಮೀಟಿಂಗುಗಳಲ್ಲಿ. ಕೇಂದ್ರ ಸಮಿತಿಯೋರು ಕೂತು ಪಕ್ಷ ಕುಸೀತಿದೆ, ಕೆಲಸಕ್ಕೆ ಶಿಸ್ತಿಲ್ಲ, ಬಿಷಪ್ ಗಟ್ಟಿಯಾಗಿ ತೀರ್ಮಾನ ತಗೊಳ್ಳಲ್ಲ ಅಂತ ಒಬ್ಬೊಬ್ರೇ ಹೇಳ್ತಾರೆ, ಅದರಲ್ಲಿ ಸುಳ್ಳು ಇತ್ತಾ ಅಂದ್ರೆ ಪೂರ್ತಿ ಇರ್ಲಿಲ್ಲ. ಪರಿಹಾರ ಏನು, ಜಂಟಿ ನಾಯಕತ್ವ, ಜನರ ಮಧ್ಯೆ ಕೆಲಸ ಬಿಷಪ್‌ಗೆ, ಪಕ್ಷದ ಸಂಘಟನೆ ಕೋರ್ಡ್‌ಗೆ. ಬಿಷಪ್ ಒಪ್ಕೊಂಡ, ಇಬ್ರೂ ತಬ್ಕೊಂಡ್ರು. ಆಮೇಲೆ ಬಿಷಪ್ ಹಂಗೇರಿ, ಚೆಕೊಸ್ಲೊವಾಕಿಯಾ, ಕ್ಯೂಬಾ ಸುತ್ತಿ ವಾಪಸ್ ಬರೋ ಹೊತ್ತಿಗೆ ಇನ್ನೊಂದ್ಸಲ ಯೋಚಿಸ್ಬೇಕು ಅಂದ. ಅಷ್ಟೇ. ಕೋರ್ಡ್ ದಂಪತಿ ಬಿಷಪ್‌ನ ಕೊಲ್ಲಿಸ್ತಾರಂತೆ ಅಂತ ಊರಲ್ಲಿ ಗಾಳಿಸುದ್ದಿ ಎದ್ದಿದ್ದೇ ತಡ, ಅದನ್ನ ಹಬ್ಬಿಸಿದ್ದೇ ಬಿಷಪ್ ಅಂತ ಪಕ್ಷ ಅವನನ್ನ ಅಕ್ಟೋಬರ್ 13ನೇ ತಾರೀಕು ಗೃಹಬಂಧನದಲ್ಲಿ ಇಡ್ತು.

ಇದೆಲ್ಲ ನಡೀತಿದ್ದಾಗ ಹೆಚ್ಚುಕಮ್ಮಿ ಒಂದು ಲಕ್ಷ ಜನರ ಆ ದೇಶಕ್ಕೆ ಏನೂ ಗೊತ್ತಿರ್ಲಿಲ್ಲ ಕಣೋ! ತಮ್ಮ ಪ್ರಧಾನಿನ ಅರ್ಧ ಮಾಡಿದಾರೆ ಅಂತ ಜನಕ್ಕೆ ಯಾರೂ ಹೇಳಿರ್ಲಿಲ್ಲ. ಮುಚ್ಚಿದ ಬಾಗಿಲ ಹಿಂದೆ ಅಣ್ಣತಮ್ಮಂದಿರು ಜಮೀನು ಪಾಲು ಮಾಡ್ಕೊಂಡಂಗೆ ಕ್ರಾಂತಿನ ಪಾಲು ಮಾಡ್ಕೊಂಡ್ರು. ಆ ಬಾಗಿಲನ್ನ ನಿನ್ನ ನಾಟಕ ತೆಗೀಬೇಕು. ಆ ಮೀಟಿಂಗುಗಳ ನಡಾವಳಿ ಸಿಗುತ್ತೆ, ದ್ವೀಪ ಹಿಡಿದ ಅಮೆರಿಕದೋರು ಪಕ್ಷದ ಕಾಗದಪತ್ರ ಮೂಟೆಗಟ್ಟಲೆ ಹೊತ್ಕೊಂಡು ಹೋಗಿ ಅಚ್ಚು ಹಾಕಿಸಿದ್ರು, ಓದು. ಬೋರ್ ಹೊಡೆಯುತ್ತೆ, ಆದ್ರೂ ಓದು. ಎಲ್ಲರೂ ಕಾಮ್ರೇಡ್, ಎಲ್ಲರೂ ಪ್ರಾಮಾಣಿಕರು, ಒಬ್ರೂ ದನಿ ಎತ್ತಿ ಬೈಯಲ್ಲ, ಅದನ್ನ ಓದ್ತಾ ಮೈ ಬೆವರುತ್ತೆ.

ನನಗ್ಯಾಕೆ ಇಷ್ಟು ಉರಿ ಅಂತೀಯ? ನಾನೂ ಅಂಥ ಮೀಟಿಂಗುಗಳಲ್ಲಿ ಕೂತು ಟೀ ಕುಡಿದೋನು. ನಮ್ಮ ಸಂಘಟನೆ ಒಡೆದಾಗ ಇನ್ನೊಂದು ಬಣದ ಪತ್ರಿಕೆಯೋರು ನನ್ನ ಕಥಾಸಂಕಲನದ ಬಗ್ಗೆ ಬರ್ದಿದ್ದು ಎರಡೇ ಸಾಲು, ಓದದೇನೇ ಬರ್ದಿದ್ರು, ನಂಗೆ ಖಾತ್ರಿ ಇದೆ, ಯಾಕಂದ್ರೆ ಕಥೆಯ ಊರಿನ ಹೆಸರೇ ತಪ್ಪು. ಇವತ್ತಿಗೂ ಆ ಸಂಪಾದಕ ಸಮಾರಂಭಗಳಲ್ಲಿ ಕೈ ಮುಗೀತಾನೆ, ನಾನು ಬೇರೆ ಕಡೆ ನೋಡ್ತೀನಿ. ಮುದುಕನಾದ್ರೂ ಹೋಗಿಲ್ಲ ನೋಡು ಅದು. ನನ್ನ ಬಣದೋರು ಬರೆಸಿದ ಹೊಗಳಿಕೆಯೂ ಓದದೇ ಬರ್ದಿದ್ದೇ ಅನ್ಸುತ್ತೆ, ಅದರ ಬಗ್ಗೆ ಯಾರೂ ತಕರಾರು ಮಾಡ್ಲಿಲ್ಲ, ಬಿಡು.

19ರ ದೃಶ್ಯ ಮಾತ್ರ ಮುಟ್ಬೇಡ, ಅದು ಚೆನ್ನಾಗಿ ಬಂದಿದೆ. ಸಾವಿರಾರು ಜನ ಬಂದು ಬಿಷಪ್‌ನ ಬಿಡಿಸ್ಕೊಂಡು ಕೋಟೆಗೆ ಹೋಗೋದು, ಅದಕ್ಕೆ ಆಗ ಫೋರ್ಟ್ ರೂಪರ್ಟ್ ಅಂತ ಅವನಪ್ಪನ ಹೆಸರಿತ್ತು, 1974ರಲ್ಲಿ ಗೇರಿಯ ಪೊಲೀಸರು ಕೊಂದ ಅಪ್ಪ, ಅಲ್ಲೇ ಮಗನನ್ನ ಸ್ವಂತ ಸೈನ್ಯ ಕೊಲ್ಲೋದು, ಹೆಣ ಕೂಡ ಇವತ್ತಿನ ತನಕ ಸಿಕ್ಕಿಲ್ಲ. ಆದ್ರೆ ಅದಾದ್ಮೇಲೆ ನೀನು ಅಮೆರಿಕನ್ ಹೆಲಿಕಾಪ್ಟರ್ ಸದ್ದು ಹಾಕಿ ಪರದೆ ಎಳೆದುಬಿಟ್ಟಿದೀಯ, ಸಾಮ್ರಾಜ್ಯಶಾಹಿ ಅಂತ ಒಂದು ಘೋಷಣೆ. ಅಕ್ಟೋಬರ್ 25ಕ್ಕೆ ರೇಗನ್ ಸೈನ್ಯ ಇಳಿದಿದ್ದು ಅನ್ಯಾಯ ಹೌದು, ವಿಶ್ವಸಂಸ್ಥೆಯ ಮಹಾಸಭೆಯಲ್ಲೇ 108 ದೇಶ ಅದನ್ನ ಖಂಡಿಸಿದ್ವು. ಆದ್ರೆ ಅದಕ್ಕೂ ಮುಂಚೆ ಕ್ರಾಂತಿಯ ಸೈನ್ಯವೇ ಹಗಲುರಾತ್ರಿ ಕರ್ಫ್ಯೂ ಹಾಕಿ, ಹೊರಗೆ ಬಂದ್ರೆ ಗುಂಡು ಅಂದಿತ್ತಲ್ಲ? ನಾಲ್ಕೂವರೆ ವರ್ಷ ಕ್ರಾಂತಿ ಜೊತೆ ನಿಂತಿದ್ದ ಜನರಲ್ಲೇ ಎಷ್ಟೋ ಮಂದಿ ಅಮೆರಿಕದ ಸಿಪಾಯಿಗಳು ಬಂದಾಗ ಸದ್ಯ ಬದುಕಿದ್ವಿ ಅಂದ್ರು. ಪರದೇಶದ ಸೈನ್ಯಕ್ಕೆ ಬಾಗಿಲು ಒಳಗಿಂದ್ಲೇ ತೆಗೆದಿತ್ತು. ಇದನ್ನ ಬರೆದ್ರೆ ನಿಮ್ಮ ಎಡದ ಗೆಳೆಯರು ಬೈತಾರೆ, ಬರೀದಿದ್ರೆ ನಾನು ಬೈತೀನಿ.

ಕೋರ್ಡ್‌ಗೆ ಒಂದು ಉದ್ದ ಮಾತು ಕೊಡು. ಪ್ರೇಕ್ಷಕ ಹತ್ತು ನಿಮಿಷ ಹೌದಲ್ವಾ ಅನ್ಕೋಬೇಕು. ನಿನ್ನ ಗ್ರೂಪಿಂದ ತೆಗೆದೋನು ಇದಾನಲ್ಲ, ಅವನ ದನಿ ಆ ಮಾತಿಗೆ ಹಾಕು. ಅವನ ಮೇಲೆ ಸೇಡು ತೀರಿಸ್ಕೊಳ್ಳೋಕೆ ಅಲ್ಲ, ಅವನು ನಿನ್ನ ಬಗ್ಗೆ ಹೇಳಿದ್ರಲ್ಲಿ ಸ್ವಲ್ಪ ನಿಜ ಇದೆ ಅಂತ ನಿನ್ನ ಪತ್ರ ಓದಿದ್ರೇ ಗೊತ್ತಾಗುತ್ತೆ.

ಇನ್ನೊಂದು. ಜಾಕ್ವೆಲಿನ್ ಕ್ರೆಫ್ಟ್‌ಗೆ ನಾಲ್ಕೇ ಡೈಲಾಗ್ ಕೊಟ್ಟಿದೀಯ, ನಾಲ್ಕರಲ್ಲೂ ಅಳ್ತಾಳೆ. ಅವಳು ಶಿಕ್ಷಣ ಮಂತ್ರಿ ಆಗಿದ್ದೋಳು, ಬಿಷಪ್ ಪಕ್ಕದಲ್ಲೇ ಗುಂಡು ತಿಂದೋಳು. ಅವಳಿಗೂ ಮಾತು ಬರುತ್ತೆ, ಬರೆದು ಕಳ್ಸು.

ನಿನ್ನ ಮೇಷ್ಟ್ರು