ಭವಿಷ್ಯ ಹೇಳೋರಿಗೂ ಒಂದು ಮಾರ್ಕ್ಸ್ ಕಾರ್ಡ್ ಇರ್ಲಿ

ಮಾನ್ಯರೇ,

ಇನ್ನು 20 ವರ್ಷಕ್ಕೆ ಯಾವ ಕೆಲ್ಸ ಉಳಿಯುತ್ತೆ, ಯಾವ್ದು ಹೋಗುತ್ತೆ ಅಂತ ನಿಮ್ಮ ಪತ್ರಿಕೇಲಿ ದಿನಾ ಒಬ್ಬರಲ್ಲ ಒಬ್ರು ಹೇಳ್ತಾನೇ ಇರ್ತಾರೆ, ಓದಿ ಓದಿ ತಲೆ ಕೆಟ್ಟುಹೋಗಿದೆ. ಹ್ಯಾಲಿ ಧೂಮಕೇತು 2061ರಲ್ಲಿ ವಾಪಸ್ ಬರುತ್ತೆ ಅಂತ ಈಗ್ಲೇ ಧೈರ್ಯವಾಗಿ ಹೇಳ್ಬೋದು, ಆದ್ರೆ ಆ ರಾತ್ರಿ ಮೋಡ ಇರುತ್ತಾ ಇಲ್ವಾ ಅಂತ ಯಾರಪ್ಪನಾಣೆಗೂ ಹೇಳಕ್ಕಾಗಲ್ಲ. 1961ರಲ್ಲಿ ಎಡ್ವರ್ಡ್ ಲೊರೆಂಜ್ ಅನ್ನೋ ಹವಾಮಾನ ವಿಜ್ಞಾನಿ ಹವಾಮಾನದ ಹಳೇ ಲೆಕ್ಕನೇ ಮತ್ತೆ ಮಾಡ್ಸೋಕೆ ಕಂಪ್ಯೂಟರ್‌ಗೆ 0.506127 ಬದ್ಲು ಬರೀ 0.506 ಅಂತ ಹಾಕಿದ್ರು, ಅಷ್ಟೇ, ಆ ಚೂರು ವ್ಯತ್ಯಾಸ ಬೆಳೀತಾ ಬೆಳೀತಾ ಹೋಗಿ ಕೊನೆಗೆ ಲೆಕ್ಕದಲ್ಲಿ ಪೂರ್ತಿ ಬೇರೆ ಹವಾಮಾನನೇ ಬಂತು. ಇವತ್ತಿಗೂ ಎರಡು ವಾರದಾಚೆ ಯಾವ ದಿನ ಮಳೆ ಅಂತ ಹೇಳೋದು ಹೆಚ್ಚುಕಮ್ಮಿ ಅಂದಾಜೇ.

ಮೋಡಕ್ಕೆ ನಮ್ ಮಾತು ಕೇಳ್ಸಲ್ಲ ಬಿಡಿ, ಮನುಷ್ಯರಿಗೆ ಕೇಳ್ಸುತ್ತೆ! ಬ್ಯಾಂಕ್ ಮುಳುಗುತ್ತೆ ಅಂತ ಸುದ್ದಿ ಹಬ್ಬಿದ್ರೆ ಎಲ್ರೂ ದುಡ್ಡು ತೆಗ್ಯಕ್ಕೆ ಓಡ್ತಾರೆ, ಗಟ್ಟಿಯಾಗಿದ್ದ ಬ್ಯಾಂಕೂ ಮುಳುಗುತ್ತೆ. 1929ರ ಅಕ್ಟೋಬರ್‌ನಲ್ಲಿ ಅರ್ವಿಂಗ್ ಫಿಶರ್ ಅಂಥ ದೊಡ್ಡ ಅರ್ಥಶಾಸ್ತ್ರಜ್ಞರೇ ಷೇರು ಬೆಲೆ ಇನ್ನು ಎತ್ತರದಲ್ಲೇ ನಿಲ್ಲುತ್ತೆ ಅಂದಿದ್ರು, ಕೆಲವೇ ದಿನದಲ್ಲಿ ಮಾರ್ಕೆಟ್ ಕುಸೀತು.

ಭವಿಷ್ಯ ಹೇಳ್ಬೇಡಿ ಅಂತಿಲ್ಲ. ನೂರಕ್ಕೆ ಎಷ್ಟು ಚಾನ್ಸ್ ಅಂತ ಸೇರಿಸಿ ಹೇಳ್ಲಿ, ನೀವು ವರ್ಷ ಆದ್ಮೇಲೆ ಯಾರ್ದು ಎಷ್ಟು ಸರಿ ಬಂತು ಅಂತ ಅದೇ ಪುಟದಲ್ಲಿ ಹಾಕಿ ಸಾರ್.

– ಒಬ್ಬ ಓದುಗ