ಗ್ರಾಫಿನಲ್ಲಿ ಎದ್ದ ದಿಬ್ಬ

ಪ್ರೀತಿಯ ಪುಟ್ಟಿ,

ಹೊಸ ಕಣ ಹುಡುಕುತ್ತ ನೀನು ಮಾಡಿ ಕಳಿಸಿದ ಗ್ರಾಫ್ ನೋಡಿದೆ. ನಾಲ್ಕು ಘಟನೆ (ಉಪಕರಣ ದಾಖಲಿಸಿದ ಡಿಕ್ಕಿ) ಇರಬೇಕಾದ ಬಿನ್‌ನಲ್ಲಿ, ಅಂದರೆ ದ್ರವ್ಯರಾಶಿಯ ಅಷ್ಟಗಲದ ಒಂದು ಪಟ್ಟಿಯಲ್ಲಿ, ಒಂಬತ್ತು ಕೂತಿವೆ, ನಿನಗೆ ನಿದ್ದೆ ಹಾರಿಹೋಗಿದೆ. ಹಾರಲಿ ಬಿಡು, ಅಂಥದ್ದು ಕಂಡೂ ಗೊರಕೆ ಹೊಡೆಯುವವರಿಗೆ ಈ ಕೆಲಸ ಒಗ್ಗುವುದಿಲ್ಲ. ಆದರೆ ಸ್ವಲ್ಪ ಲೆಕ್ಕ ಹಾಕು. ಆ ಒಂದು ಬಿನ್ ಸುಮ್ಮಸುಮ್ಮನೆ ಅಷ್ಟು ಏರುವ ಸಾಧ್ಯತೆ ಸುಮಾರು ಶೇ. 2. ನೀನು ಜಾಲಾಡಿರುವುದು 40 ಬಿನ್. ಎಲ್ಲಾದರೂ ಒಂದು ಕಡೆ ಇಷ್ಟೇ ಅಪರೂಪದ್ದು ಎದ್ದು ಕಾಣುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು! ಐದು ಸಿಗ್ಮಾ, ಅಂದರೆ ಆಕಸ್ಮಿಕ ಎನ್ನಲು ಬಹುತೇಕ ಆಸ್ಪದವಿಲ್ಲದಷ್ಟು ದೊಡ್ಡ ಏರಿಕೆ, ಬೇಕು ಎಂದು ಹಟ ಹಿಡಿಯುವುದು ಇದಕ್ಕೇ.

ದೊಡ್ಡವರೂ ಜಾರಿದ್ದಾರೆ. 1976ರಲ್ಲಿ ಅಮೆರಿಕದ ಫರ್ಮಿಲ್ಯಾಬ್ ಪ್ರಯೋಗಾಲಯದಲ್ಲಿ ಭೌತವಿಜ್ಞಾನಿ ಲಿಯಾನ್ ಲೆಡರ್‌ಮನ್ ತಂಡಕ್ಕೆ 6 ಜಿಇವಿ (ಕಣಗಳ ದ್ರವ್ಯರಾಶಿ ಹೇಳುವ ಮಾನ) ಹತ್ತಿರ ಒಂದು ದಿಬ್ಬ ಕಂಡಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ 'ಅಪ್ಸಿಲಾನ್' ಅಂತ ಹೆಸರೂ ಸಿದ್ಧವಾಯಿತು. ಹೆಚ್ಚು ಡೇಟಾ ಬಂದಾಗ ದಿಬ್ಬ ಮಾಯ. ಜನ ಅದನ್ನು 'ಊಪ್ಸ್-ಲಿಯಾನ್' ಎಂದು ಆಡಿಕೊಂಡರು. ಮರುವರ್ಷ ಅದೇ ತಂಡ 9.5 ಜಿಇವಿಯಲ್ಲಿ ನಿಜವಾದ ಕಣ ಹಿಡಿಯಿತು, ಬಾಟಮ್ ಕ್ವಾರ್ಕ್ ಎಂಬ ಮೂಲಕಣದ ಮೊದಲ ಸುಳಿವು ಅದು. ಕುಲಾವಿಯನ್ನು ಎಸೆದಿರಲಿಲ್ಲ, ಈ ಕೂಸಿಗೆ ತೊಡಿಸಿದರು.

ನನ್ನ ಕತೆ ಅಷ್ಟು ಚೆನ್ನಾಗಿ ಮುಗಿಯಲಿಲ್ಲ. ನಿನ್ನ ವಯಸ್ಸಿನಲ್ಲಿ ನನಗೂ ಒಂದು ದಿಬ್ಬ ಸಿಕ್ಕಿತ್ತು. ಆವೇಗದ ಕಟ್, ಅಂದರೆ ಯಾವ ಘಟನೆ ಇಟ್ಟುಕೊಳ್ಳಬೇಕು ಎಂಬ ಮಿತಿ, ಬಿಗಿ ಮಾಡಿದೆ, ಬೆಳೆಯಿತು. ಕೋನದ ಕಟ್ ಸರಿಸಿದೆ, ಇನ್ನೂ ಬೆಳೆಯಿತು. ಒಂದೊಂದಕ್ಕೂ ನನ್ನ ಬಳಿ ಒಳ್ಳೆಯ ಕಾರಣವಿತ್ತು, ಸುಳ್ಳು ಹೇಳಿದ್ದೇನಲ್ಲ, ಅದೇ ಅಪಾಯ. ಮುಂದಿನ ವರ್ಷದ ಡೇಟಾವನ್ನು ಅದೇ ಕಟ್‌ಗಳಲ್ಲಿ ಸೋಸಿದರೆ ಅಂಗೈಯಂತೆ ಸಪಾಟು.

ಕಟ್‌ಗಳನ್ನು ಸಿಮ್ಯುಲೇಶನ್ ನೋಡಿ, ಅಕ್ಕಪಕ್ಕದ ಪ್ರದೇಶ ನೋಡಿ ತೀರ್ಮಾನಿಸಬೇಕು. ಕಣ ಇರಬಹುದಾದ ಜಾಗ ಕೊನೆಯವರೆಗೆ ಮುಚ್ಚಿರಬೇಕು. ನೀನು ಆಗಲೇ ಇಣುಕಿಬಿಟ್ಟಿದ್ದೀಯ, ಇರಲಿ. ಇವತ್ತಿನ ಕಟ್‌ಗಳನ್ನು ಇದ್ದ ಹಾಗೇ ಬರೆದಿಟ್ಟು, ನಿನ್ನ ಗೈಡ್‌ಗೆ ಕಳಿಸಿಬಿಡು. ಆಮೇಲೆ ಒಂದನ್ನೂ ಮುಟ್ಟಬೇಡ, ಹೊಸ ಡೇಟಾ ಬರಲಿ. ದಿಬ್ಬ ಕರಗಿದರೆ 'ಈ ದ್ರವ್ಯರಾಶಿಯಲ್ಲಿ, ಇಷ್ಟು ಪ್ರಮಾಣಕ್ಕಿಂತ ಹೆಚ್ಚಾಗಿ ಅಂಥ ಕಣ ಹುಟ್ಟುವುದಿಲ್ಲ' ಎಂದು ಬರೆ. ಅದೂ ಫಲಿತಾಂಶವೇ, ನಾನು ಬರೆದ ಬಹುಪಾಲು ಪ್ರಬಂಧಗಳು ಅಂಥವೇ.

ಅಷ್ಟರೊಳಗೆ ಆ ಒಂಬತ್ತು ಘಟನೆಗಳನ್ನು ಒಂದೊಂದಾಗಿ ಪರದೆಯ ಮೇಲೆ ತೆರೆದು ನೋಡು. ರನ್ ನಂಬರ್, ಅಂದರೆ ಯಾವ ಸರದಿಯಲ್ಲಿ ದಾಖಲಾದದ್ದು ಎಂಬುದನ್ನು, ಬರೆದುಕೋ. ಐದಾರು ಒಂದೇ ರನ್‌ನವು, ಕಣಗಳ ಶಕ್ತಿ ಅಳೆಯುವ ಕ್ಯಾಲೊರಿಮೀಟರಿನ ಒಂದೇ ಮೂಲೆಯವು ಎಂದಾದರೆ, ಉಪಕರಣದ ಕೆಟ್ಟುಹೋದ ಒಂದು ಚಾನೆಲ್ ನಿನ್ನ ನಿದ್ದೆಗೆಡಿಸಿದೆ ಅಂತ ಅರ್ಥ. ನೋಡಿ ಹೇಳು, ಕಾಯುತ್ತಿರುತ್ತೇನೆ.

ನಿನ್ನ
ದೊಡ್ಡಮ್ಮ